ಹಸಿರಿಗೊಂದು ಚಿಟಿಕೆ

“ಉಪ್ಪು ಹಾಕಿದ್ರಾ?” ಮಂಡಕ್ಕಿ ಭಟ್ಟಿಯ ಬಾಗಿಲಲ್ಲೇ ಅನ್ನಪೂರ್ಣಮ್ಮ ಕೂಗಿದಳು.

“ಒಂದೇ ಚಿಟಿಕೆ ರೀ ಮೇಡಂ,” ಎಂದಳು ಭಟ್ಟಿಯ ಒಡತಿ ಹಜೀರಾಬೀ, ಏನೋ ಉಪಕಾರ ಮಾಡಿದವಳಂತೆ. “ಮುಚ್ಚಳ ತೆಗೆದು ನೋಡಿದೆ, ಬರೀ ಸಪ್ಪನ ಪುಡಿ. ಉಪ್ಪಿಲ್ದೆ ಯಾವುದು ಅರಳ್ತೈತ್ರಿ? ಇಪ್ಪತ್ತು ವರ್ಸದಿಂದ ಅಕ್ಕಿಗೆ ಹಾಕ್ತಾ ಬಂದೀನಿ.”

ಅದು ಅಕ್ಕಿಯಲ್ಲ. ಎರ್ಬಿಯಂ, ಇಟರ್ಬಿಯಂ ಎಂಬ ಅಪರೂಪದ ಧಾತುಗಳನ್ನು ಬೆರೆಸಿದ ಪುಡಿ. ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಿದ್ದರೆ ಅದು ಹಸಿರಾಗಿ ಹೊಳೆಯಬೇಕು. ಎಪ್ಪತ್ತೊಂಬತ್ತನೇ ಇಸವಿಯಿಂದ ನಾಲ್ಕು ವರ್ಷ ಕಾದರೂ ಪುಡಿ ಮಹಾರಾಯ ಹೊಳೆದಿರಲಿಲ್ಲ. ಅವಳು ಕಲಿಸುತ್ತಿದ್ದ ಹರಿಹರದ ಕಾಲೇಜಿನಲ್ಲಿ ಅದನ್ನು ಸುಡುವಷ್ಟು ಬಿಸಿಯ ಕುಲುಮೆ ಇಲ್ಲದ್ದಕ್ಕೆ ಮೇಡಂ ಬೆಳಿಗ್ಗೆ ಪುಡಿಯನ್ನು ಪಿಂಗಾಣಿ ಮೂಸೆಯಲ್ಲಿ ತಂದು ದಾವಣಗೆರೆಯ ಈ ಭಟ್ಟಿಯಲ್ಲಿ ಇಟ್ಟುಹೋಗಿದ್ದಳು. ಉಳಿದಿದ್ದ ಪುಡಿ ಇಷ್ಟೇ. ಸೋಮವಾರ ಹಸಿರು ತೋರಿಸದಿದ್ದರೆ ಪಿಎಚ್.ಡಿ. ಮರೆತುಬಿಡಿ ಎಂದು ಗೈಡು ಹೇಳಿಯಾಗಿತ್ತು.

“ನಾಲ್ಕು ವರ್ಷ ಹಾಳಾಯ್ತು, ಹಜೀರಮ್ಮ!”

“ಹಾಳಾತೋ ಇಲ್ಲೋ, ನೋಡಿ ಅಳ್ರಿ. ನೋಡದೇ ಯಾಕ ಅಳ್ತೀರಿ?”

ಮಟಮಟ ಮಧ್ಯಾಹ್ನ ಕತ್ತಲೆ ಎಲ್ಲಿ ಸಿಗಬೇಕು? ಚೀಲಗಳ ಸಂದಿಯಲ್ಲಿ ಕೂತು ಇಬ್ಬರೂ ತಲೆ ಮೇಲೆ ಕಂಬಳಿ ಎಳೆದುಕೊಂಡರು. ಅನ್ನಪೂರ್ಣಮ್ಮ ಬ್ಯಾಟರಿ ಸೆಲ್ಲಿಗೆ ಕಟ್ಟಿದ್ದ ಕಡಲೆಕಾಳಿನಷ್ಟು ದೀಪವನ್ನು ಒತ್ತಿದಳು.

“ದೀಪ ಹತ್ತವಲ್ದಲ್ರೀ!”

“ಹತ್ತಿದೆ. ಅದರ ಬೆಳಕು ಕಣ್ಣಿಗೆ ಕಾಣಲ್ಲ,” ಎಂದು ಅವಳು ಅದನ್ನು ಪುಡಿಗೆ ತಾಗಿಸಿದಳು. ಪುಡಿಯಲ್ಲಿ ಹಸಿರು ಚುಕ್ಕಿಯೊಂದು ಮೂಡಿತು. ಎಳೆ ಮೆಣಸಿನಕಾಯಿಯ ಹಸಿರು!

ಇಬ್ಬರೂ ಕಿರುಚಿದ ಅಬ್ಬರಕ್ಕೆ ಹಜೀರಾಬೀಯ ಗಂಡ ಮಸ್ತಾನಸಾಬ್ ಕೋಲು ಹಿಡಿದು ಓಡಿಬಂದ. “ಹಾವಾ?”

“ಹಸಿರು ರೀ, ಹಸಿರು! ಬರ್ರಿ ಒಳಗೆ!”

ಕಂಬಳಿಯೊಳಗೆ ಮೂರು ತಲೆಗಳಾದವು. ಕಾಣದ ಬೆಳಕಿನಿಂದ ಕಾಣೋ ಬೆಳಕು ಹೆಂಗೆ ಎಂದು ಅವನು ಕೇಳಿದ. “ಒಂದು ಕಿರಣದ ಬಲ ಸಾಲದು. ಒಂದು ಅರ್ಧಕ್ಕೆ ಎತ್ತಿ ನಿಲ್ಲಿಸುತ್ತೆ, ಇನ್ನೊಂದು ಬಂದು ಪೂರ್ತಿ ಎತ್ತುತ್ತೆ,” ಎನ್ನುತ್ತ ಅನ್ನಪೂರ್ಣಮ್ಮ ನಕ್ಕಳು, ಅತ್ತಳು, ಸೀನಿದಳು. ಅಷ್ಟು ಖುಷಿ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ.

ಸೀನು ನಿಂತ ಮೇಲೆ ಅವಳಿಗೆ ಸೋಮವಾರ ನೆನಪಾಯಿತು. ಹೊಳೆಸಿದ್ದು ಉಪ್ಪು. ಎಷ್ಟು ಉಪ್ಪು ಎಂದು ಗೈಡು ಕೇಳೇ ಕೇಳುತ್ತಾರೆ. ಚಿಟಿಕೆ ಎಂದು ಬರೆದರೆ ನಕ್ಕು ಮನೆಗೆ ಕಳಿಸುತ್ತಾರೆ.

ಭಾನುವಾರ ಬೆಳಿಗ್ಗೆ ಕಾಲೇಜಿನ ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ತೊಡೆ ಮೇಲಿಟ್ಟುಕೊಂಡು ಬಂದು ಅವಳು ದಾವಣಗೆರೆಯಲ್ಲಿ ಹರಿಹರದ ಬಸ್ಸಿಳಿದಳು.

“ಮೊನ್ನೆ ಹಾಕಿದ ಹಾಗೇ ಹಾಕಿ, ಹಜೀರಮ್ಮ.”

ಹಜೀರಾಬೀ ತಕ್ಕಡಿಯ ಒಂದು ತಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಅನ್ನಪೂರ್ಣಮ್ಮ ಇನ್ನೊಂದು ತಟ್ಟೆಗೆ ತೂಕದ ಬಿಲ್ಲೆಗಳನ್ನಿಟ್ಟು ಮುಳ್ಳನ್ನು ನಡುಗೆರೆಗೆ ತಂದಳು. ಉಪ್ಪು ಒರೆಸಿ, ಬಿಲ್ಲೆಗಳನ್ನು ಹಾಗೇ ಬಿಟ್ಟು, ಮತ್ತೆ ಹಾಕಿಸಿದಳು. ಮತ್ತೂ ಹಾಕಿಸಿದಳು. ನಾಲ್ಕನೆಯ ಸಲಕ್ಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

ಐದನೆಯ ಚಿಟಿಕೆ ಹಾಕಿದ ಹಜೀರಾಬೀ ಗಾಜಿನೊಳಗೆ ಬಗ್ಗಿ ನೋಡಿ ಕನಿಕರದಿಂದ ಹೇಳಿದಳು: “ನಿಮ್ಮ ತಕ್ಕಡಿ ಕೆಟ್ಟೈತೆ ರೀ ಮೇಡಂ. ಎಷ್ಟು ಸಲ ಹಾಕಿದ್ರೂ ಮುಳ್ಳು ಅಲ್ಲೇ ನಿಲ್ತೈತೆ!”