ಗಾಳೆಪ್ಪನ ಧ್ಯಾನ

ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಕಣ್ಣು ಬಿಟ್ಟರು. ಹಮಾಲರು ಮೈ ಮುರಿದರು, ಭತ್ತ ಒಣಗಿಸುವ ಹೆಂಗಸರು ಸೆರಗು ಕೊಡವಿ ಎದ್ದರು. ಗಾಳೆಪ್ಪ ಮಾತ್ರ ಏಳಲಿಲ್ಲ. ರೈಸ್‌ಮಿಲ್ಲಿನ ಯಂತ್ರ ನೋಡಿಕೊಳ್ಳುವ ಆ ಒರಟು ಆಳು, ತೌಡಿನ ಧೂಳು ಕೂತ ಮೀಸೆಯ ಕೆಳಗೆ ತುಟಿ ಬಿಗಿದುಕೊಂಡು, ಕಣ್ಣು ಮುಚ್ಚಿ ಕೂತೇ ಇದ್ದ.

"ನೋಡ್ರಿ, ಧ್ಯಾನ ಅಂದ್ರ ಹಿಂಗಿರಬೇಕು," ಎಂದರು ಮರುಳಸಿದ್ದಪ್ಪ ಮಾಸ್ತರು. ಕೆಲಸಗಾರರಿಗೆ ಧ್ಯಾನ ಕಲಿಸಲೆಂದೇ ಹೊಸಪೇಟೆಯಿಂದ ಕಂಪ್ಲಿಗೆ ಮೊದಲ ಬಸ್ಸು ಹಿಡಿದು ಬರುತ್ತಿದ್ದವರು ಅವರು. ಪಕ್ಕದಲ್ಲಿದ್ದ ಮಾಲೀಕ ಅಂದಾನಪ್ಪನವರ ಕಣ್ಣು ತುಂಬಿಬಂದವು. ಹಿಂದಿನ ವರ್ಷ ಎದೆನೋವು ಬಂದು ಆಸ್ಪತ್ರೆ ಕಂಡಮೇಲೆ ಅವರು ಧ್ಯಾನ ಹಿಡಿದಿದ್ದರು. ತಮಗೆ ಸಿಕ್ಕ ಸಮಾಧಾನ ತಮ್ಮಲ್ಲಿ ದುಡಿಯುವವರಿಗೂ ಸಿಗಲೆಂದು, ಗೇಟಿನಲ್ಲಿ ಭತ್ತದ ಲಾರಿಗಳು ಕಾಯುತ್ತಿದ್ದರೂ, ಬೆಳಗ್ಗೆ ಎಲ್ಲರನ್ನೂ ಗೋದಾಮಿನಲ್ಲಿ ಸಾಲಾಗಿ ಕೂರಿಸುತ್ತಿದ್ದರು. "ನಾಳಿಂದ ಗಾಳೆಪ್ಪ ಎಲ್ಲಾರ ಮುಂದ ಕುಂದ್ರಲಿ. ಅವನ್ನ ನೋಡಿ ಉಳಿದೋರು ಕಲೀಲಿ," ಎಂದುಬಿಟ್ಟರು.

ಹೆಂಗಸರ ಸಾಲಿನಿಂದ ಭರಮಮ್ಮ ಎದ್ದು ಹೋಗಿ ಗಂಡನ ಮೊಣಕಾಲು ಮುಟ್ಟಿದಳು. ಗಾಳೆಪ್ಪ ಕಣ್ಣು ಬಿಟ್ಟ. ಅವನಿಗೆ ಗಂಟೆ ಕೇಳಿರಲಿಲ್ಲ, ಅಷ್ಟೇ. ಮದುವೆಯಾದಾಗಿನಿಂದ ಯಂತ್ರದ ಗದ್ದಲದಲ್ಲೇ ಬಾಳಿದವನ ಕಿವಿ ಬರಬರುತ್ತ ಸೋತಿದ್ದವು. ಅದನ್ನು ಬಲ್ಲವಳು ಅವಳೊಬ್ಬಳೇ. ಅವನಂತೂ ಒಪ್ಪುತ್ತಿರಲಿಲ್ಲ. "ನಿನ್ನ ದನೀನ ಸಣ್ಣಾಗೇತಿ," ಎಂದು ಅವಳ ಮೇಲೇ ಹಾಕುತ್ತಿದ್ದ. ಯಂತ್ರದ ಸದ್ದು ತಿಳಿಯದವನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂಬ ಭಯಕ್ಕೆ, ಸಾಹುಕಾರರು ಕರೆದಾಗೆಲ್ಲ ಅವಳೇ ಭತ್ತ ಒಣಗಿಸುವ ಕಣದಿಂದ ಕೈಸನ್ನೆ ಮಾಡಿ ಅವನನ್ನು ಎಚ್ಚರಿಸುತ್ತಿದ್ದಳು.

ಮುಂದೆ ಕೂರುವ ಮರ್ಯಾದೆ ಗಾಳೆಪ್ಪನಿಗೆ ಹಿಡಿಸಿತು. ಬೆಳಗ್ಗೆದ್ದು ಮೀಸೆ ಬಾಚಿಕೊಳ್ಳತೊಡಗಿದ. ಹಮಾಲರು ತಮಾಷೆಗೆ "ಸ್ವಾಮ್ಯಾರ" ಎಂದು ಕೈಮುಗಿದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಯಾವತ್ತೂ ಯಾರೂ ಹೊಗಳದ ಗಂಡ ಹೀಗೆ ಅರಳಿ ಓಡಾಡುವುದನ್ನು ಕಂಡು ಭರಮಮ್ಮನಿಗೆ ನಗು ಬರುತ್ತಿತ್ತು, ನಿಜ ಹೇಳಿಬಿಡಲು ಮನಸ್ಸು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಬೇಯಿಸಿದ ಭತ್ತವನ್ನು ಕಾಲಲ್ಲಿ ತಿರುವುತ್ತಿದ್ದಾಗ ಒಳಗಿನ ಸದ್ದು ಬದಲಾಯಿತು. ಯಂತ್ರದ ದೊಡ್ಡ ಬೆಲ್ಟು ಚಟ್ ಚಟ್ ಎಂದು ಬಡಿಯತೊಡಗಿತು. ಕಣದವರೆಲ್ಲ ತಲೆಯೆತ್ತಿದರು. ಗಾಳೆಪ್ಪ ಮಾತ್ರ ಅದಕ್ಕೆ ಬೆನ್ನು ಮಾಡಿ ಕೂತು ಎಣ್ಣೆಡಬ್ಬಿಗೆ ಎಣ್ಣೆ ತುಂಬುತ್ತಿದ್ದ. ಭರಮಮ್ಮ ಓಡಿದಳು. ಅಂಗಿಯ ಕಾಲರು ಹಿಡಿದು ಅವನನ್ನು ಪಕ್ಕಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಬೆಲ್ಟು ಹರಿದು ಬೀಸಿ ಬಂದು, ಅವನು ಕೂತಿದ್ದ ಜಾಗದ ಎದುರಿನ ತಗಡಿನ ಗೋಡೆಯನ್ನು ಸೀಳಿತು. ನಾಲ್ಕು ಜನರೆದುರು ಹೆಂಡತಿ ಎಳೆದಳೆಂದು ಕೈಯೆತ್ತಿದ್ದ ಗಾಳೆಪ್ಪ, ಸೀಳಿದ ತಗಡು ನೋಡಿದವನೇ ಕೈ ಇಳಿಸಿದ.

ಅವಳು ಭತ್ತ ಮೆತ್ತಿದ ಕಾಲಲ್ಲೇ ಆಫೀಸಿಗೆ ನಡೆದಳು. "ಸಾವ್ಕಾರ್ರ, ನಮ್ಮ ಮನಿಯವರಿಗೆ ಕಿವಿ ಕೇಳಂಗಿಲ್ರಿ."

"ಮತ್ತ ಆ ಧ್ಯಾನ?"

"ಗಂಟಿ ಕೇಳಿದ್ರಲ್ಲೇನ್ರಿ ಕಣ್ ಬಿಡೋದು."

ಅಂದಾನಪ್ಪನವರಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. "ಎದುರಿಗೇ ಕುಂದ್ರಿಸಿಕೊಂಡು ಕಣ್ ಮುಚ್ಚಿದ್ನಲ್ಲವಾ ನಾನು. ನನ್ನ ಮಿಲ್ಲಾಗ ಕಳಕೊಂಡ ಕಿವಿ ಅವು. ನನಗ ಕಾಣ್ಲೇ ಇಲ್ಲ."

"ಕೆಲಸ ಬಿಡಸಬ್ಯಾಡ್ರಿ."

"ಬಿಡಸೋ ಮಾತು ಯಾಕ? ಯಂತ್ರದ ಹತ್ರ ಬ್ಯಾಡ, ಅಷ್ಟ. ಪಗಾರ ಇದ್ದಂಗ ಇರ್ತದ, ಕಣ ನೋಡಿಕೊಳ್ಳಲಿ. ಬಳ್ಳಾರಿ ಡಾಕ್ಟರಿಗೆ ನಾನ ತೋರಿಸ್ತೀನಿ."

ಹೋದ ಕಿವಿ ತಿರುಗಿ ಬರುವುದಿಲ್ಲ, ಇನ್ನಷ್ಟು ಹೋಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ಮಿಲ್ಲಿನಲ್ಲಿ ಯಂತ್ರದ ಬಳಿ ನಿಲ್ಲುವವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಸರದಿಯ ಮೇಲೆ ಹೊರಗೆ ಬಂದು ಕೂತು ಸುಧಾರಿಸಿಕೊಳ್ಳಬೇಕು ಎಂದಾಯಿತು. ಆದರೆ ಗಾಳೆಪ್ಪ ಹೆಂಡತಿಯೊಡನೆ ಮಾತು ಬಿಟ್ಟ. ಹೆಂಗಸರ ನಡುವೆ ಭತ್ತ ಕಾಯಲು ಕೂರಿಸಿದವಳು ಅವಳೇ ಎಂದು ಅವನ ಸಿಟ್ಟು. ಬುತ್ತಿಯನ್ನೂ ದೂರ ಕೂತೇ ತಿನ್ನುತ್ತಿದ್ದ. ಭರಮಮ್ಮ ದಿನವೂ ಬುತ್ತಿ ಕಟ್ಟಿ ಕೊಡುತ್ತಿದ್ದಳು; ಸಿಟ್ಟು ಮಾಡಲಿಕ್ಕಾದರೂ ಮನುಷ್ಯ ಉಳಿದಿದ್ದಾನಲ್ಲ ಎಂದುಕೊಂಡಳು.

ಬಿಸಿಲು ಜೋರಾಗಿದ್ದ ಒಂದು ದಿನ ಎಲ್ಲರೂ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಗಾಳೆಪ್ಪ ಎದ್ದು ಬಂದು ಅವಳ ಪಕ್ಕ ಕೂತ. ಆಚೀಚೆ ನೋಡಿ, ಅವಳ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವನಂತೆ ಹೇಳಿದ: "ಭರಮಿ, ನೀ ಇರದಿದ್ರ ನನ್ನ ಗತಿ ಏನಿತ್ತು? ನಿನ್ನಂಥಾಕಿ ಈ ಕಂಪ್ಲ್ಯಾಗ ಇನ್ನೊಬ್ಬಾಕಿ ಇಲ್ಲ."

ಅವನ ಗುಟ್ಟು ಕಣ ದಾಟಿ ಗೇಟಿನ ಲಾರಿಯವರ ತನಕ ಹೋಯಿತು. ಭರಮಮ್ಮನ ಜೊತೆ ಕಣದಲ್ಲಿ ದುಡಿಯುವ ಎರ್ರಮ್ಮ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಆಫೀಸಿನಲ್ಲಿ ಅಂದಾನಪ್ಪನವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಇದಾವುದೂ ಗಾಳೆಪ್ಪನಿಗೆ ತಿಳಿಯಲಿಲ್ಲ.

ಭರಮಮ್ಮನ ಮುಖ ಕೆಂಪಗಾಯಿತು. ರೊಟ್ಟಿ ಮುರಿದು ಅವನ ಕೈಗಿಟ್ಟಳು. ಆಮೇಲೆ ಅವನಿಗೆ ತುಟಿ ಕಾಣುವ ಹಾಗೆ ತಿರುಗಿ, ತನ್ನ ಕಿವಿಯ ಹಿಂದೆ ಅಂಗೈ ಹಿಡಿದು ಕೇಳಿದಳು:

"ಏನಂದ್ರಿ?"