ತನುಜಾ ಓದಿಸಿದ ಪೇಪರ್

“ಓದಿ,” ಎಂದಳು ತನುಜಾ.

ಉಪ್ಪಿಟ್ಟಿನ ತಟ್ಟೆಯನ್ನು ಆಚೆ ಸರಿಸಿ, ಅಂದಿನ ಇಂಗ್ಲಿಷ್ ಪೇಪರನ್ನು ಗಂಡಿನ ಮುಂದೆ ಇಟ್ಟಿದ್ದಳು. ಮಲವಗೊಪ್ಪದ ಆ ಪುಟ್ಟ ಬಾಡಿಗೆ ಮನೆಗೆ, ಮಗನಿಗೆ ಹೆಣ್ಣು ನೋಡಲು ಬಂದಿದ್ದ ಶಿವಮೊಗ್ಗ ರವೀಂದ್ರನಗರದ ಜಂಬಣ್ಣ ಹೆಂಡತಿಯ ಮುಖ ನೋಡಿದರು. ಹೆಂಡತಿ ಸುಭದ್ರಮ್ಮ ನೆಲ ನೋಡಿದರು. ಸಂಬಂಧ ತಂದಿದ್ದ ಮರುಳಯ್ಯನವರ ಬಾಯಲ್ಲಿ ಕೇಸರಿಬಾತು ಹಾಗೇ ಉಳಿಯಿತು.

“ಈಗ್ಲೇನಾ?” ಎಂದ ಹುಡುಗ.

“ಹೂಂ. ಜೋರಾಗಿ ಓದಿ. ಎಲ್ಲರಿಗೂ ಕೇಳಲಿ.”

ಈ ಮಾತು ಅವಳ ಬಾಯಲ್ಲಿ ಐದು ವರ್ಷದಿಂದ ಕಾದು ಕೂತಿತ್ತು.

ಐದು ವರ್ಷದ ಹಿಂದೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಇದೇ ಜಂಬಣ್ಣನ ಮನೆಯವರು ಅವಳನ್ನು ನೋಡಲು ಬಂದಿದ್ದರು. ಮಗ ಕೆನಡಾಕ್ಕೆ ಓದಲು ಹೋಗುವವನು, ಹೆಂಡತಿಗೆ ಇಂಗ್ಲಿಷ್ ಬರಬೇಕು ಎಂದು ಜೊತೆಗೇ ಪೇಪರ್ ತಂದಿದ್ದರು. ತಲೆ ಎತ್ತಬೇಡ ಎಂದು ಅಮ್ಮ ಶಂಕರಮ್ಮ ಅಡುಗೆಮನೆಯಲ್ಲೇ ಹೇಳಿ ಕಳಿಸಿದ್ದಳು. ತನುಜಾ ಎತ್ತಲಿಲ್ಲ. ಅವಳಿಗೆ ಕಂಡದ್ದು ಜಮಖಾನೆಯ ಅಂಚು, ಸಾಲಾಗಿ ಕೂತವರ ಕಾಲುಗಳು, ಮಡಿಲಿಗೆ ಬಂದು ಬಿದ್ದ ಪೇಪರ್, ಅಷ್ಟೆ. ಕನ್ನಡ ಮೀಡಿಯಂನ ಹುಡುಗಿ ಎರಡನೇ ಸಾಲಿಗೇ ತೊದಲಿದಳು. ಯಾರೋ ನಕ್ಕರು. “ಇನ್ನೊಂದ್ಸಲ, ಮೊದಲಿಂದ,” ಎಂದಿತು ಒಂದು ಗಡುಸು ದನಿ. ಮೊದಲಿಂದ ಓದಿದಳು. ಮತ್ತೆ ತೊದಲು, ಮತ್ತೆ ನಗು. ಕೊನೆಗೆ ಒಂದು ಕೈ ಮುಂದೆ ಬಂದು ಪೇಪರನ್ನು ಕಿತ್ತುಕೊಂಡಿತು.

“ಸಾಕು.”

ಅಪ್ಪ ಹಾಲಸ್ವಾಮಿ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರು, ಯಾವ ಸಾಹೇಬರ ಎದುರೂ ತಗ್ಗಿದವರಲ್ಲ. ಅವತ್ತು ಆ ಜನರ ಮುಂದೆ ಕೈಮುಗಿದು, “ತಪ್ಪು ನಂದೇ ಸ್ವಾಮಿ, ಕನ್ನಡ ಶಾಲೆಗೆ ಹಾಕ್ಬಿಟ್ಟೆ,” ಎಂದರು. ಮರುವರ್ಷ ತೀರಿಕೊಂಡರು. ನಕ್ಕವರ ನಗುವನ್ನು ತನುಜಾ ಹೇಗೋ ನುಂಗಿಕೊಂಡಳು. ಪೇಪರ್ ಕಿತ್ತುಕೊಂಡ ಆ ಕೈಯನ್ನು ಮಾತ್ರ ನುಂಗಲಾಗಲಿಲ್ಲ. ನಾಯಿಯ ಮುಂದಿನ ತಟ್ಟೆ ಎಳೆದ ಹಾಗೆ ಎಳೆದಿದ್ದ, ಪಾಪಿ!

ಹೋಗುವುದಾದರೆ ಕೆನಡಾಕ್ಕೇ ಹೋಗಬೇಕು ಎಂಬ ಹಟ ಹುಟ್ಟಿದ್ದು ಆಗ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಬಸ್ಸಿನಲ್ಲಿ ಕಣ್ಣುಮುಚ್ಚಿ ರೇಡಿಯೋ ವಾರ್ತೆಯ ಇಂಗ್ಲಿಷ್ ಸಾಲುಗಳನ್ನು ಗುನುಗುವುದನ್ನು ಕಂಡ ಹೆಂಗಸರು, ಹುಡುಗಿ ಯಾವುದೋ ವ್ರತ ಹಿಡಿದಿದ್ದಾಳೆ ಅಂದುಕೊಂಡರು. ವ್ರತವೇ ಅದು. ನಾಲಗೆ ತಪ್ಪಿದಾಗಲೆಲ್ಲ ಆ ಕೈ ಕಣ್ಣಿಗೆ ಕಟ್ಟುತ್ತಿತ್ತು, ತಾನೇ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ನಡೆದ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಎದುರು ಕೂತಾಕೆ, ಇಂಗ್ಲಿಷ್ ಯಾಕೆ ಕಲಿತಿರಿ ಎಂದು ಕೇಳಿದಾಗ, ಹೆಣ್ಣು ನೋಡಲು ಬಂದವರ ಉಪಕಾರ ಎನ್ನಬೇಕೆನಿಸಿತ್ತು. ತಡೆದುಕೊಂಡಳು. ಟೊರಾಂಟೊದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ವೀಸಾವೂ ಬಂತು.

ಸುದ್ದಿ ಹಬ್ಬಿದ್ದೇ ತಡ, ಮರುಳಯ್ಯ ಹಾಜರಾದರು. ಮದುವೆ ಮಾಡಿಕೊಂಡೇ ವಿಮಾನ ಹತ್ತು ಎಂದು ಗೋಗರೆಯುತ್ತಿದ್ದ ಶಂಕರಮ್ಮ ಮಣೆ ಹಾಕಿ ಕೂರಿಸಿದಳು.

“ಜಂಬಣ್ಣನ ಮಗನ ಸಂಬಂಧ, ತಾಯಿ. ಮದುವೆ ಆದ್ರೆ ಈ ಹುಡುಗೀನೇ ಅಂತ ಹುಡುಗನೇ ಹಟ ಹಿಡಿದಿದಾನೆ. ಅವತ್ತಿನ ವಿಷಯ ಏನಂದ್ರೆ...”

“ಅವತ್ತಿನ ವಿಷಯ ನಂಗೆ ಗೊತ್ತು. ಬರ್ಲಿ,” ಎಂದು ತನುಜಾ ಮಾತು ತುಂಡರಿಸಿದಳು.

ಅಂದರೆ ಅವನಿಗೆ ಕೆನಡಾ ಸಿಕ್ಕಿಲ್ಲ. ಈಗ ಹೆಂಡತಿಯ ಸೆರಗು ಹಿಡಿದು ವಿಮಾನ ಹತ್ತುವ ಆಸೆ! ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇವತ್ತು ತಲೆ ಎತ್ತಿಯೇ ಕೂತಿದ್ದಳು. ಹುಡುಗನ ಹೆಸರು ಮಲ್ಲಿಕ್ ಎಂದು ಗೊತ್ತಾದದ್ದೂ ಇವತ್ತೇ. ಅವನು ಪೇಪರ್ ಎತ್ತಿಕೊಂಡು ಓದತೊಡಗಿದ. ಹೆಜ್ಜೆಹೆಜ್ಜೆಗೂ ತೊದಲಿದ. ತನುಜಾಗೇನೂ ಅಚ್ಚರಿಯಾಗಲಿಲ್ಲ. ಅವತ್ತು ಇವನು ಓದಿಸಿದ್ದನೇ ಹೊರತು ತಾನು ಓದಿರಲಿಲ್ಲವಲ್ಲ. ದನಿಯ ಗಡುಸೂ ಇಳಿದಿತ್ತು. ಕೆನಡಾ ಬೇಕಾದಾಗ ಎಂಥವರ ದನಿಯೂ ಮೆತ್ತಗಾಗುತ್ತದೆ.

“ಇನ್ನೊಂದ್ಸಲ,” ಎಂದಳು. “ಮೊದಲಿಂದ.”

ಜಂಬಣ್ಣ ಧಡಕ್ಕನೆ ಎದ್ದರು. “ನಡಿಯೋ, ಹೋಗೋಣ.”

“ಕೂತ್ಕೊಳ್ಳಿ ಅಪ್ಪಾಜಿ,” ಎಂದ ಮಲ್ಲಿಕ್. “ನಮ್ಮನೆಗೆ ಇದು ಸಲ್ಲಬೇಕಾದ್ದೇ.”

ಮತ್ತೆ ಓದಿದ. ಹಣೆಯ ಬೆವರು ಪೇಪರಿನ ಮೇಲೆ ತೊಟ್ಟಿಕ್ಕಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಶಂಕರಮ್ಮ ಬೇಡ ಬೇಡವೆಂದು ಕೈಸನ್ನೆ ಮಾಡಿದಳು. ತನುಜಾ ಸರಕ್ಕನೆ ಪೇಪರನ್ನು ಕಿತ್ತುಕೊಂಡಳು.

“ಸಾಕು!”

ಮಲ್ಲಿಕ್ ತಟ್ಟನೆ ಅವಳ ಮುಖ ನೋಡಿದ. ಬೆವೆತ ಮುಖ ಅರಳಿತು.

“ನಿಮಗೆ ನೆನಪಿದೆಯಾ?”

“ಮರೆಯೋಕಾಗುತ್ತಾ? ಅವತ್ತು ಪೇಪರ್ ಕಿತ್ಕೊಂಡ ಕೈ ನಿಮ್ದೇ ತಾನೆ?”

“ನಂದೇ,” ಎಂದ, ನಾಚಿಕೊಂಡು.

ನಾಚುತ್ತಾನೆ ಬೇರೆ! ತನುಜಾಳ ಮೈಯೆಲ್ಲ ಉರಿಯಿತು. “ಎದ್ದೇಳಿ. ನಿಮ್ಮಂಥವರನ್ನ ಕಟ್ಕೊಂಡು ಹೋಗೋಕೆ ನಾನು ಇಂಗ್ಲಿಷ್ ಕಲಿತಿಲ್ಲ. ನಾಳೆ ಯಾರ ಮನೇಲಿ ಉಪ್ಪಿಟ್ಟು ತಿಂತೀರೋ ತಿನ್ನಿ, ಈ ಮನೆ ಹೊಸ್ತಿಲು ಮಾತ್ರ ಮತ್ತೆ ತುಳೀಬೇಡಿ.”

ಅರಳಿದ ಮುಖ ಹಾಗೇ ಬಾಡಿತು. ಬಾಗಿಲ ಮರೆಯಲ್ಲಿದ್ದ ಶಂಕರಮ್ಮನಿಗೆ ಕೈಮುಗಿದು, ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟ. ಕಾರು ಶಿವಮೊಗ್ಗದ ಕಡೆ ತಿರುಗುವವರೆಗೂ ತನುಜಾ ಕಿಟಕಿಯಲ್ಲಿ ನಿಂತು ನೋಡಿದಳು. ಎದೆ ಹಗುರಾಗಿತ್ತು.

“ಇದೇನು ಮಾಡ್ಬಿಟ್ಟೆ ತಾಯಿ?” ಎಂದರು ಹಿಂದೆ ಉಳಿದಿದ್ದ ಮರುಳಯ್ಯ.

“ಎಲ್ಲರೆದುರು ನನ್ನ ಓದಿಸಿ ನಕ್ಕ, ನಮ್ಮಪ್ಪ ಕೈಮುಗಿಯೋ ಹಾಗೆ ಮಾಡಿದ. ಅಂಥವನಿಗೆ ಇಷ್ಟು ಸಾಲದು.”

ಚಪ್ಪಲಿ ಮೆಟ್ಟುತ್ತಿದ್ದ ಮರುಳಯ್ಯ ಹಾಗೇ ನಿಂತರು.

“ಓದಿಸಿ ನಕ್ಕೋನು ಇವನ ಅಣ್ಣ ಮಾರಾಯ್ತಿ, ಅವನು ಕೆನಡಾ ಸೇರಿ ವರ್ಷಗಳೇ ಆದ್ವು. ಅವತ್ತು ನಿನ್ನ ಸಂಕಟ ನೋಡಲಾರದೆ, ಅಣ್ಣನ್ನ ಎದುರು ಹಾಕ್ಕೊಂಡು ಪೇಪರ್ ಕಿತ್ಕೊಂಡೋನು ಈ ಹುಡುಗ.”