ಜಡೆಯ ಹೆಣಿಗೆ

"ಕೈ ಎತ್ತು," ಎಂದರು ಅತ್ತೆ. ದೇವರ ಕಾಡಿನ ಬೇಲಿಬಾಗಿಲಲ್ಲಿ ಸೊಸೆ ಎರಡೂ ಕೈ ಎತ್ತಿ ನಿಂತಳು. ಆ ಕಾಡಿನಿಂದ ಒಂದು ಎಲೆಯೂ ಆಚೆ ಹೋಗುವಂತಿಲ್ಲ. ಮೈಗೆ ಅಂಟಿದ್ದನ್ನೆಲ್ಲ ಅಲ್ಲೇ ಕೊಡವಿ ಬರಬೇಕು. ಕಾವಲಿಗಿದ್ದ ಅತ್ತೆಯದು ಹದ್ದಿನ ಕಣ್ಣು, ಪಾಚಿಯ ಚೂರನ್ನೂ ಬಿಡುತ್ತಿರಲಿಲ್ಲ.

"ಈ ಕಾಡಲ್ಲಿರೋ ಆ ಜಾತಿ ಮರ ಬೇರೆಲ್ಲೂ ಇಲ್ಲ ಅತ್ತೆ. ಇರೋ ಒಂದೂ ಗಾಳಿಗೆ ವಾಲಿದೆ. ಒಂದೇ ಒಂದು ಬೀಜ ಕೊಟ್ರೆ ನನ್ನ ನರ್ಸರೀಲಿ ಸಸಿ ಮಾಡ್ತೀನಿ," ಸೊಸೆ ಮತ್ತೆ ಅದೇ ರಾಗ ಎಳೆದಳು.

"ಕೊಡೋಕೆ ಅದೇನು ನಮ್ಮಪ್ಪನ ಮನೆ ಗಂಟಾ? ದೇವರದ್ದು!" ಗದರುತ್ತಲೇ ಅತ್ತೆ ಅವಳ ತೋಳಿಗಂಟಿದ್ದ ಮುಳ್ಳುಕಾಯಿ ಕಿತ್ತರು, ಚಪ್ಪಲಿ ಬಡಿದು ಮಣ್ಣು ಉದುರಿಸಿದರು. ಹೆಗಲ ಮೇಲಿದ್ದ ಜಡೆಗೆ ಬಂದಾಗ ಬೆರಳುಗಳು ಗಕ್ಕನೆ ನಿಂತವು. ಹೆಣಿಗೆಯ ಸಂದಿಯಲ್ಲಿ ಒಂದು ರೆಕ್ಕೆಯ ಬೀಜ ಸಿಕ್ಕಿಕೊಂಡಿತ್ತು, ಆ ಮರದ್ದೇ.

ಅತ್ತೆ ವಾಲಿದ ಮರದ ಕಡೆ ಒಮ್ಮೆ ನೋಡಿದರು. ಆಮೇಲೆ ಸಡಿಲವಾಗಿದ್ದ ಆ ಹೆಣಿಗೆಯನ್ನು ಬಿಗಿಮಾಡಿ, ಜಡೆಯನ್ನು ಅವಳ ಬೆನ್ನಿಗೆ ಹಾಕಿದರು.

"ಇತ್ತೀಚೆಗೆ ಕಣ್ಣೇ ಸರಿಯಾಗಿ ಕಾಣಲ್ಲ ಕಣೇ," ಎಂದರು. "ಹೊರಡು. ನರ್ಸರಿ ಮುಟ್ಟೋ ತನಕ ತಲೆ ಬಾಚ್ಕೋಬೇಡ."